ಒಂದನೇ ಕ್ಲಾಸಿಗೆ ಮಿಸ್ಸು, ಪಿಯುಸಿಗೆ ಮೇಷ್ಟ್ರು!

ಸರ್ಕಾರಿ ಪ್ರೈಮರಿ ಶಾಲೆಯ ಬಾಗಿಲಲ್ಲಿ ನಿಂತು "ನಿಮಗೆ ಪಾಠ ಮಾಡೋರು ಯಾರ್ರೋ?" ಅಂತ ಕೇಳಿದರೆ ಮಕ್ಕಳು ಒಂದೇ ಉಸಿರಿಗೆ "ಮಿಸ್ಸು" ಅಂತಾವೆ. ಅದೇ ಮಕ್ಕಳು ಬೆಳೆದು, ಮೀಸೆ ಚಿಗುರಿ, ಜಡೆ ಉದ್ದವಾಗಿ ಪಿಯುಸಿಗೆ ಬರುವ ಹೊತ್ತಿಗೆ ಬೋರ್ಡಿನ ಮುಂದೆ ನಿಂತವರು ಬಹಳ ಕಡೆ "ಸಾರ್". ಹಾಗಾದರೆ ಮಿಸ್ಸು ಎಲ್ಲಿ ಹೋದರು? ಯಾವ ಸ್ಟಾಪಿನಲ್ಲಿ ಬಸ್ಸು ಇಳಿದರು?

ತಮಾಷೆಗೆ ಕೇಳುವ ಪ್ರಶ್ನೆ ಇದಲ್ಲ. ಇದಕ್ಕೆ ದೇಶದ ಮಟ್ಟದಲ್ಲಿ ಲೆಕ್ಕವಿದೆ. ಕೇಂದ್ರ ಶಿಕ್ಷಣ ಮಂತ್ರಾಲಯ ಪ್ರತಿವರ್ಷ ದೇಶದ ಎಲ್ಲ ಶಾಲೆಗಳಿಂದ ಮಾಹಿತಿ ತರಿಸಿ ಯುಡೈಸ್ ಎಂಬ ಹೆಸರಿನಲ್ಲಿ ಪ್ರಕಟಿಸುತ್ತದೆ. ಸರ್ಕಾರಿ, ಅನುದಾನಿತ, ಖಾಸಗಿ ಎಲ್ಲವೂ ಅದರಲ್ಲಿ ಸೇರಿವೆ. 2019-20ರ ಲೆಕ್ಕದಲ್ಲಿ ದೇಶದ ಒಟ್ಟು ಶಿಕ್ಷಕರು ಸುಮಾರು 96.8 ಲಕ್ಷ. ಅವರಲ್ಲಿ ಹೆಂಗಸರು 49.2 ಲಕ್ಷ, ಗಂಡಸರು 47.7 ಲಕ್ಷ. "ಹೆಂಗಸರೇ ಮುಂದೆ!" ಎಂದು ಪತ್ರಿಕೆಗಳು ದೊಡ್ಡ ಅಕ್ಷರದಲ್ಲಿ ಬರೆದವು. 2024-25ರಲ್ಲಿ ಒಟ್ಟು ಸಂಖ್ಯೆ 1 ಕೋಟಿ ದಾಟಿತು. ಹೆಂಗಸರ ಪಾಲು ನೂರಕ್ಕೆ 54ಕ್ಕೆ ಏರಿತು.

ಆದರೆ ಒಟ್ಟು ಮೊತ್ತ ನೋಡಿ ಅಂಗಡಿ ಲಾಭದಲ್ಲಿದೆ ಅನ್ನುವ ವ್ಯಾಪಾರಿ ಮೋಸ ಹೋಗುತ್ತಾನೆ. ಯಾವ ಸಾಮಾನು ಎಷ್ಟು ಹೋಯಿತು, ಯಾವುದು ಕಪಾಟಿನಲ್ಲೇ ಧೂಳು ಹಿಡಿದಿದೆ ಎಂಬುದನ್ನು ಬಿಡಿಸಿ ನೋಡಬೇಕು. ಶಿಕ್ಷಕರ ಲೆಕ್ಕವೂ ಹಾಗೆಯೇ.

ಮೆಟ್ಟಿಲು ಏರಿದಂತೆ ಗಂಡಸರು

ಅದೇ 2019-20ರ ಲೆಕ್ಕವನ್ನು ಬಿಡಿಸಿ ನೋಡಿ. ಪ್ರಾಥಮಿಕ ಹಂತದಲ್ಲಿ ಹೆಂಗಸರು 19.6 ಲಕ್ಷ, ಗಂಡಸರು 15.7 ಲಕ್ಷ. ಹಿರಿಯ ಪ್ರಾಥಮಿಕಕ್ಕೆ ಬಂದರೆ ತಕ್ಕಡಿ ಆ ಕಡೆ ವಾಲುತ್ತದೆ: ಗಂಡಸರು 11.5 ಲಕ್ಷ, ಹೆಂಗಸರು 10.6 ಲಕ್ಷ. ಹೈಸ್ಕೂಲಿನಲ್ಲಿ ಗಂಡಸರು 6.3 ಲಕ್ಷ, ಹೆಂಗಸರು 5.2 ಲಕ್ಷ. ಕಡೆಯ ಮೆಟ್ಟಿಲಾದ ಹನ್ನೊಂದು, ಹನ್ನೆರಡನೇ ತರಗತಿ, ಅಂದರೆ ನಮ್ಮ ಪಿಯುಸಿ ಹಂತದಲ್ಲಿ ಗಂಡಸರು 3.7 ಲಕ್ಷ, ಹೆಂಗಸರು 2.8 ಲಕ್ಷ.

ನೂರರ ಲೆಕ್ಕದಲ್ಲಿ ಹೇಳುವುದಾದರೆ ಗಂಡು ಶಿಕ್ಷಕರ ಪಾಲು ಪ್ರಾಥಮಿಕದಲ್ಲಿ 44, ಹಿರಿಯ ಪ್ರಾಥಮಿಕದಲ್ಲಿ 52, ಹೈಸ್ಕೂಲಿನಲ್ಲಿ 55, ಪಿಯುಸಿ ಹಂತದಲ್ಲಿ 57. ಒಂದೊಂದು ಮೆಟ್ಟಿಲು ಏರಿದಾಗಲೂ ಪಂಚೆ-ಪ್ಯಾಂಟು ಹೆಚ್ಚಾಗುತ್ತವೆ, ಸೀರೆ ಕಡಿಮೆಯಾಗುತ್ತವೆ. ಏರಿದ ಮೆಟ್ಟಿಲಿಗೆ ತಕ್ಕಂತೆ ಸಂಬಳ, ಗೌರವ, ಪ್ರಿನ್ಸಿಪಾಲರ ಕುರ್ಚಿ ಎಲ್ಲವೂ ಏರುತ್ತವೆ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ದೇಶದ ಎಲ್ಲ ಕಡೆಯೂ ಒಂದೇ ಚಿತ್ರವಿಲ್ಲ. ಕೇರಳ, ತಮಿಳುನಾಡುಗಳಲ್ಲಿ ಒಟ್ಟು ಶಾಲಾ ಶಿಕ್ಷಕರಲ್ಲಿ ಮೂರಕ್ಕೆ ಎರಡು ಪಾಲಿಗಿಂತ ಹೆಚ್ಚು ಮಂದಿ ಹೆಂಗಸರು. ಹಾಗಾದರೆ "ದೊಡ್ಡ ಕ್ಲಾಸಿಗೆ ಗಂಡಸೇ ಬೇಕು" ಎಂಬುದು ದೇವರು ಬರೆದ ಶಾಸನವಲ್ಲ. ಎಲ್ಲೋ ಯಾರೋ ಬರೆದ ಆದೇಶ, ಎಲ್ಲೋ ಯಾರೂ ಬರೆಯದೆ ಬಿಟ್ಟ ಆದೇಶ, ಇವೆರಡರ ಫಲ.

ಕೆಳಗೆ ಆದೇಶ ಬಂತು, ಮೇಲೆ ಬರಲಿಲ್ಲ

1971ರ ಜನಗಣತಿಯಲ್ಲಿ ದೇಶದ ಹೆಂಗಸರಲ್ಲಿ ಓದು ಬರಹ ಬಲ್ಲವರು ನೂರಕ್ಕೆ 22 ಮಾತ್ರ. ಆ ಕಾಲದಲ್ಲಿ ಮಿಸ್ಸುಗಳು ಕಡಿಮೆ ಇದ್ದದ್ದರಲ್ಲಿ ಆಶ್ಚರ್ಯವಿಲ್ಲ. ಬದಲಾವಣೆ ತಾನಾಗಿ ಬರಲಿಲ್ಲ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಿಗೆ 1987ರಲ್ಲಿ "ಆಪರೇಷನ್ ಬ್ಲ್ಯಾಕ್‌ಬೋರ್ಡ್" ಬಂತು. ಪ್ರತಿ ಪ್ರೈಮರಿ ಶಾಲೆಗೆ ಕನಿಷ್ಠ ಇಬ್ಬರು ಶಿಕ್ಷಕರು, ಸಾಧ್ಯವಾದ ಕಡೆ ಅವರಲ್ಲೊಬ್ಬರು ಹೆಂಗಸು ಎಂದು ಅದರಲ್ಲಿ ಬರೆದರು. 1992ರಲ್ಲಿ ಅದನ್ನು ತಿದ್ದಿ, ಮುಂದೆ ನೇಮಿಸುವ ಶಿಕ್ಷಕರಲ್ಲಿ ಅರ್ಧದಷ್ಟು ಹೆಂಗಸರಿರಬೇಕು ಎಂದರು. ಆಮೇಲೆ ಬಂದ ಸರ್ವ ಶಿಕ್ಷಣ ಅಭಿಯಾನವೂ ಅದೇ ದಾರಿ ಹಿಡಿಯಿತು.

ಆದೇಶದಲ್ಲಿ ಅಕ್ಷರ ಬಿತ್ತು, ಮೂವತ್ತು ವರ್ಷಕ್ಕೆ ಫಸಲು ಬಂತು. ಇವತ್ತು ಪ್ರೈಮರಿ ಶಾಲೆಯಲ್ಲಿ ಮಿಸ್ಸು ಇದ್ದಾರೆ ಅಂದರೆ ಅದು ಆ ಒಂದು ಸಾಲಿನ ಪುಣ್ಯ.

ಪಿಯುಸಿಗೆ ಅಂಥ ಸಾಲು ಯಾರೂ ಬರೆಯಲಿಲ್ಲ. ಕೊಠಾರಿ ಆಯೋಗದ ಶಿಫಾರಸು ಹಿಡಿದು 1968ರ ನೀತಿ 10+2+3 ಎಂಬ ಲೆಕ್ಕ ಹಾಕಿಕೊಟ್ಟಿತು. 1970ರ ದಶಕದಲ್ಲಿ ರಾಜ್ಯದಲ್ಲಿ ಎರಡು ವರ್ಷದ ಪಿಯುಸಿ ನೆಲೆಯೂರಿತು. ಹೈಸ್ಕೂಲುಗಳು ಒಂದೊಂದಾಗಿ "ಜೂನಿಯರ್ ಕಾಲೇಜು" ಎಂಬ ಬೋರ್ಡು ತಗುಲಿಸಿಕೊಂಡವು. ಪಾಠ ಹೇಳಲು ಸ್ನಾತಕೋತ್ತರ ಪದವಿ ಮಾಡಿದವರು ಬೇಕಾಯಿತು. ಅಂದಿನ ದಿನದಲ್ಲಿ ಎಂ.ಎ., ಎಂ.ಎಸ್ಸಿ. ಮಾಡಿದವರು ಯಾರು? ಹೆಚ್ಚಿನಂಶ ಗಂಡುಮಕ್ಕಳು. ಸೇರಿಕೊಂಡರು, ಸಂತೋಷ. ಪ್ರಶ್ನೆ ಇರುವುದು ಆಮೇಲಿನ ಐವತ್ತು ವರ್ಷದ್ದು.

ಡಿಗ್ರಿ ಇದೆ, ಹುದ್ದೆ ಎಲ್ಲಿ?

ಪಿಯು ಉಪನ್ಯಾಸಕರಾಗಲು ಸ್ನಾತಕೋತ್ತರ ಪದವಿಯಲ್ಲಿ ನೂರಕ್ಕೆ 55 ಅಂಕ ಬೇಕು, ಜತೆಗೆ ಬಿ.ಎಡ್. ಬೇಕು. ಮೂರು ವರ್ಷದ ಡಿಗ್ರಿ, ಎರಡು ವರ್ಷದ ಎಂ.ಎ., ಎರಡು ವರ್ಷದ ಬಿ.ಎಡ್. ಸೇರಿದರೆ ಪಿಯುಸಿ ಮುಗಿದ ಮೇಲೆ ಏಳು ವರ್ಷ. ಹಳ್ಳಿಯಲ್ಲಿ ಇಪ್ಪತ್ತೊಂದಕ್ಕೇ "ಗಂಡು ನೋಡಿ" ಅನ್ನುವ ಅಜ್ಜಿಯರಿರುವಾಗ ಹೆಣ್ಣುಮಗಳು ಏಳು ವರ್ಷ ಓದುವುದು ಹುಡುಗಾಟವಲ್ಲ.

ತುಮಕೂರು ಜಿಲ್ಲೆಯನ್ನೇ ತೆಗೆದುಕೊಳ್ಳಿ. ಜಿಲ್ಲೆಗೆ ತನ್ನದೇ ವಿಶ್ವವಿದ್ಯಾಲಯ ಬಂದದ್ದು 2004ರಲ್ಲಿ. ಅದಕ್ಕೆ ಮುಂಚೆ ಎಂ.ಎ., ಎಂ.ಎಸ್ಸಿ. ಅಂದರೆ ಬಹುಮಟ್ಟಿಗೆ ಬೆಂಗಳೂರಿನ ಜ್ಞಾನಭಾರತಿ ಅಥವಾ ಮೈಸೂರಿನ ಮಾನಸಗಂಗೋತ್ರಿ. ಗಂಡುಹುಡುಗ ಹಾಸಿಗೆ ಸುತ್ತಿಕೊಂಡು ಹೋಗಿ ಹಾಸ್ಟೆಲ್ ಸೇರುತ್ತಿದ್ದ. ಹೆಣ್ಣುಮಗಳನ್ನು ಕಳಿಸುವ ಅಪ್ಪ ಹತ್ತು ಸಲ ಯೋಚಿಸುತ್ತಿದ್ದ.

ಆದರೆ ಆ ನೆಪ ಈಗ ಹಳೆಯದಾಯಿತು. ಕೇಂದ್ರದ 2021-22ರ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ ದೇಶದ ಸ್ನಾತಕೋತ್ತರ ತರಗತಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹೆಣ್ಣುಮಕ್ಕಳು. "ಓದಿದ ಹೆಂಗಸರು ಸಿಗೋದಿಲ್ಲ ಸ್ವಾಮಿ" ಅಂತ ಈಗ ಯಾರಾದರೂ ಹೇಳಿದರೆ ನಂಬಬೇಡಿ. ಓದಿದವರಿದ್ದಾರೆ. ಓದಿ, ಸರ್ಟಿಫಿಕೇಟನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು ಕಾಯುತ್ತಿದ್ದಾರೆ.

ಎಷ್ಟು ದಿನ ಕಾಯಬೇಕು? ಅದಕ್ಕೂ ಉದಾಹರಣೆ ಇದೆ. ಸುಮಾರು 1,200 ಪಿಯು ಉಪನ್ಯಾಸಕರ ಹುದ್ದೆಗೆ ಸರ್ಕಾರ ಅರ್ಜಿ ಕರೆದದ್ದು 2015ರಲ್ಲಿ. ಪರೀಕ್ಷೆ ನಡೆದದ್ದು 2018ರ ಕೊನೆಗೆ. ಆಯ್ಕೆಯಾದವರು ಆದೇಶ ಕೊಡಿ ಎಂದು ಬೆಂಗಳೂರಿನಲ್ಲಿ ಧರಣಿ ಕೂರುವ ಹೊತ್ತಿಗೆ 2020 ಬಂದಿತ್ತು. ಅರ್ಜಿ ಹಾಕುವಾಗ ಇಪ್ಪತ್ತೇಳರ ಹೆಣ್ಣುಮಗಳು ಆದೇಶ ಕೈಸೇರುವಾಗ ಮೂವತ್ತೆರಡು ದಾಟಿರುತ್ತಾಳೆ. ಮದುವೆ, ಬಾಣಂತನ, ಅತ್ತೆ ಮಾವನ ಔಷಧಿ ಎಲ್ಲವೂ ಆ ಐದು ವರ್ಷದಲ್ಲೇ. ಕಾಯುವ ಕಾಲ ಉದ್ದವಾದಷ್ಟೂ ಸಾಲಿನಿಂದ ಮೊದಲು ಹೊರಬೀಳುವವಳು ಹೆಂಗಸು. ಗಂಡಸು ಕೋಚಿಂಗ್ ಸೆಂಟರಿನಲ್ಲಿ ಪಾಠ ಹೇಳಿಕೊಂಡೋ, ಎಲ್‌ಐಸಿ ಏಜೆಂಟಾಗಿಯೋ ದಿನ ದೂಡುತ್ತಾನೆ.

ರಾಜ್ಯ ಸರ್ಕಾರಿ ನೇಮಕಾತಿಯಲ್ಲಿ ಹೆಂಗಸರಿಗೆ ನೂರಕ್ಕೆ 33 ಮೀಸಲು ಇದೆ. ಪಿಯು ಉಪನ್ಯಾಸಕರಿಗೂ ಅದು ಅನ್ವಯಿಸುತ್ತದೆ. ಒಳ್ಳೆಯದೇ. ಆದರೆ ನೇಮಕಾತಿಯೇ ವರ್ಷಗಟ್ಟಲೆ ನಡೆಯದಿದ್ದರೆ ಶೇಕಡಾವಾರು ಇಟ್ಟುಕೊಂಡು ಮಾಡುವುದೇನು? ಅಡಿಗೆಯೇ ಆಗದ ಮನೆಯಲ್ಲಿ ಪಂಕ್ತಿ ಹಾಕಿದ ಹಾಗೆ. ಇನ್ನೊಂದಷ್ಟು ಹುದ್ದೆ ಹೈಸ್ಕೂಲ್ ಶಿಕ್ಷಕರಿಗೆ ಬಡ್ತಿಯಿಂದ ಹೋಗುತ್ತವೆ. ಬಡ್ತಿಗೆ ಸೇವಾ ಹಿರಿತನ ಮುಖ್ಯ. ಹೈಸ್ಕೂಲಿನಲ್ಲೇ ಗಂಡಸರು ಹೆಚ್ಚಿರುವಾಗ, ಹಿರಿಯರಲ್ಲಿ ಇನ್ನೂ ಹೆಚ್ಚಿರುವಾಗ, ಹಳೆಯ ಖಾತೆಯ ಬಾಕಿಯೇ ಹೊಸ ಪುಸ್ತಕಕ್ಕೆ ಬರುತ್ತದೆ.

ಪಾವಗಡದ ಬಸ್ಸು

ಆದೇಶ ಸಿಕ್ಕಿತು ಅನ್ನೋಣ. ಜಾಗ ಎಲ್ಲಿ? ತುಮಕೂರು ಪಟ್ಟಣದ ಎಂಪ್ರೆಸ್ ಬಾಲಕಿಯರ ಕಾಲೇಜಿಗೋ, ಜೂನಿಯರ್ ಕಾಲೇಜಿಗೋ ಹಾಕಿಸಿಕೊಳ್ಳಬೇಕೆಂಬ ಆಸೆ ಎಲ್ಲರಿಗೂ ಇರುತ್ತದೆ. ಖಾಲಿ ಇರುವುದು ದೂರದ ಹೋಬಳಿಯಲ್ಲಿ. ಪಾವಗಡ ಜಿಲ್ಲಾ ಕೇಂದ್ರದಿಂದ ಸುಮಾರು ನೂರು ಕಿಲೋಮೀಟರು, ಬಹುಪಾಲು ಆಂಧ್ರದ ನೆಲ ಸುತ್ತುವರಿದ ತಾಲ್ಲೂಕು. ಮಧುಗಿರಿ ದಾಟಿ ಹೋಗಬೇಕು. ಅಲ್ಲಿಂದ ಮುಂದೆ ಹೋಬಳಿ ಕಾಲೇಜಿಗೆ ಇನ್ನೊಂದು ಬಸ್ಸು.

2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೀಟಿಲ್ಲ. ಇದರಿಂದ ಮೇಡಮ್ಮುಗಳ ತಿಂಗಳ ಖರ್ಚು ಇಳಿದಿರುವುದು ನಿಜ. ಆದರೆ ಖಾಸಗಿ ಬಸ್ಸಿಗೆ ಆ ಯೋಜನೆ ಇಲ್ಲ. ಖಾಸಗಿ ಬಸ್ಸೇ ಗತಿಯಾದ ದಾರಿಯಲ್ಲಿ ದುಡ್ಡು ಕೊಡಲೇಬೇಕು, ಸೀಟು ಸಿಕ್ಕರೆ ಅದೃಷ್ಟ. ದುಡ್ಡಿನ ಮಾತು ಬಿಡಿ, ಸಂಜೆ ಸ್ಪೆಷಲ್ ಕ್ಲಾಸು ಮುಗಿಸಿ ಹೊರಟವರಿಗೆ ಕಡೆಯ ಬಸ್ಸು ತಪ್ಪಿದರೆ? ಗಂಡಸಾದರೆ ಯಾವುದಾದರೂ ಲಾರಿಗೆ ಕೈ ಅಡ್ಡ ಹಿಡಿಯುತ್ತಾನೆ, ಇಲ್ಲವೆ ಅಟೆಂಡರ್ ಮನೆಯ ಜಗಲಿಯಲ್ಲಿ ಮಲಗುತ್ತಾನೆ. ಹೆಂಗಸು ಏನು ಮಾಡಬೇಕು? ಊರಿನಲ್ಲೇ ಮನೆ ಮಾಡೋಣ ಅಂದರೆ ಗಂಡನ ಕೆಲಸ ಬೆಂಗಳೂರಿನಲ್ಲಿ. ಆಗ ಶುರುವಾಗುತ್ತದೆ ಪತಿ-ಪತ್ನಿ ಪ್ರಕರಣದ ವರ್ಗಾವಣೆ ಅರ್ಜಿ, ಮಲ್ಲೇಶ್ವರದ ಇಲಾಖೆ ಕಚೇರಿಗೆ ಅಲೆದಾಟ.

ಇನ್ನೊಂದು ತೊಡಕಿದೆ. ಸಣ್ಣ ಪಿಯು ಕಾಲೇಜಿನಲ್ಲಿ ಒಂದೊಂದು ವಿಷಯಕ್ಕೆ ಒಬ್ಬೊಬ್ಬರೇ ಲೆಕ್ಚರರು. ಸರ್ಕಾರಿ ನೌಕರಳಿಗೆ 180 ದಿನ ಹೆರಿಗೆ ರಜೆ ಕಾನೂನಿನಂತೆ ಸಲ್ಲಬೇಕು, ಸಲ್ಲುತ್ತದೆ. ಆ ಆರು ತಿಂಗಳು ಫಿಸಿಕ್ಸ್ ಹೇಳುವವರು ಯಾರು? ಬದಲಿ ವ್ಯವಸ್ಥೆ ಸಕಾಲಕ್ಕೆ ಆಗದಿದ್ದರೆ ತಂದೆತಾಯಿಗಳ ಸಿಟ್ಟು ಮೇಡಂ ಮೇಲೆ. "ಗಂಡಸರನ್ನೇ ಹಾಕ್ರಪ್ಪ, ರಜ ಹಾಕೋದಿಲ್ಲ" ಎಂಬ ಮಾತು ಟೀ ಅಂಗಡಿಯ ಬೆಂಚಿನಿಂದ ಹಿಡಿದು ಅಭಿವೃದ್ಧಿ ಸಮಿತಿಯ ಸಭೆಯವರೆಗೂ ಬರುವುದು ಹೀಗೆ. ತಪ್ಪು ಬದಲಿ ಕಳಿಸದವರದು, ಬೈಗುಳ ಹೆತ್ತವಳಿಗೆ!

ಗಂಡಸರೇನು ಸುಖವಾಗಿದ್ದಾರೆಯೇ?

ಹಾಗಾದರೆ ಪಿಯುಸಿಯಲ್ಲಿ ಹೆಚ್ಚಿರುವ ಗಂಡಸರು ಸುಖಪುರುಷರು ಅಂದುಕೊಳ್ಳಬೇಡಿ. ಆ ಸಂಖ್ಯೆಯ ಒಳಗಡೆ ಎರಡು ಜಾತಿಯ ಮೇಷ್ಟ್ರಿದ್ದಾರೆ. ಒಬ್ಬರು ಕಾಯಂ: ಸಂಬಳ, ತುಟ್ಟಿಭತ್ಯೆ, 60ಕ್ಕೆ ನಿವೃತ್ತಿ. ಇನ್ನೊಬ್ಬರು ಅತಿಥಿ ಉಪನ್ಯಾಸಕರು. ಹೆಸರಿಗೆ ಅತಿಥಿ; ಅತಿಥಿ ಸತ್ಕಾರವೇನೂ ಇಲ್ಲ. ತರಗತಿ ಶುರುವಾದಾಗ ಕರೆಯುತ್ತಾರೆ, ಶೈಕ್ಷಣಿಕ ವರ್ಷ ಮುಗಿದರೆ ಮನೆಗೆ ಕಳಿಸುತ್ತಾರೆ. ಸರ್ಕಾರಿ ಪಿಯು ಕಾಲೇಜಿನಲ್ಲಿ ಇವರಿಗೆ ಸಿಗುತ್ತಿದ್ದುದು ತಿಂಗಳಿಗೆ 12,000 ರೂಪಾಯಿ. 2025-26ರ ಬಜೆಟ್ಟಿನಲ್ಲಿ 2,000 ಏರಿಸಿದರು. ಅದೂ ವರ್ಷದ ಹನ್ನೆರಡು ತಿಂಗಳಿಗಲ್ಲ.

ರಾಜ್ಯದಲ್ಲಿ ಸರ್ಕಾರಿ ಪಿಯು ಕಾಲೇಜುಗಳೇ 1,200ಕ್ಕೂ ಹೆಚ್ಚಿವೆ. ಹಳೆಯ ಕಾಲದಲ್ಲಿ ಸೇರಿದ ಮೇಷ್ಟ್ರುಗಳು ಒಬ್ಬೊಬ್ಬರಾಗಿ ಹಾರ ಹಾಕಿಸಿಕೊಂಡು ನಿವೃತ್ತರಾಗುತ್ತಿದ್ದಾರೆ. ಅವರ ಕುರ್ಚಿಗೆ ಕಾಯಂ ಮನುಷ್ಯ ಬರುವುದು ಎಂದೋ. ಅಲ್ಲಿಯವರೆಗೆ ಅತಿಥಿಯೇ ಆಧಾರ. ಎಂ.ಎಸ್ಸಿ. ಗಣಿತ ಮಾಡಿದ ಹುಡುಗ ಈ ದುಡ್ಡಿಗೆ ಎಷ್ಟು ವರ್ಷ ನಿಲ್ಲುತ್ತಾನೆ? ಬೆಳಿಗ್ಗೆ ತುಮಕೂರು ಸ್ಟೇಷನ್ನಿನಲ್ಲಿ ಬೆಂಗಳೂರು ರೈಲು ಹತ್ತಿದರೆ ಯಾವುದಾದರೂ ಕಂಪನಿಯಲ್ಲಿ ಇದಕ್ಕಿಂತ ಹೆಚ್ಚು ಸಿಗುತ್ತದೆ. "ಮೇಷ್ಟ್ರ ಕೆಲಸ ಅಂದ್ರೆ ಹುಡುಗಿ ಕೊಡಲ್ಲ ಸಾರ್" ಎಂಬ ಮಾತು ಹಳ್ಳಿಯಲ್ಲಿ ಸುಮ್ಮನೆ ಹುಟ್ಟಿಲ್ಲ. ಒಂದು ಕಾಲಕ್ಕೆ ಮೇಷ್ಟ್ರು ಅಂದರೆ ಎದ್ದು ನಿಲ್ಲುತ್ತಿದ್ದರು. ಈಗ "ಕಾಯಮ್ಮೋ, ಗೆಸ್ಟೋ?" ಅಂತ ಮೊದಲು ಕೇಳುತ್ತಾರೆ.

ಇಲ್ಲೇ ಅಪಾಯ ಇರುವುದು. ಮುಂದೊಂದು ದಿನ ಪಿಯುಸಿಯಲ್ಲೂ ಹೆಂಗಸರೇ ಹೆಚ್ಚಾಗಬಹುದು. ಅದು ಒಳ್ಳೆಯ ಸಂಬಳ, ಸಕಾಲದ ನೇಮಕಾತಿಯಿಂದ ಆದರೆ ಸಂತೋಷ. ಗಂಡಸರು ಬೇಡವೆಂದು ಬಿಟ್ಟುಹೋದ ಅಗ್ಗದ ಕೆಲಸವನ್ನು ಹೆಂಗಸರಿಗೆ ಅಂಟಿಸಿದ್ದರಿಂದ ಆದರೆ? "ಗಂಡನ ಸಂಬಳ ಇದೆಯಲ್ಲ, ಇವಳಿಗೆ ಹದಿನಾಲ್ಕು ಸಾವಿರ ಸಾಕು" ಎಂಬ ಲೆಕ್ಕದಲ್ಲಿ ಆದರೆ? ಆಗ ಅಂಕಿ ಸಮವಾಗುತ್ತದೆ, ಅನ್ಯಾಯ ಇಬ್ಬರಿಗೂ ಹಂಚಿಹೋಗುತ್ತದೆ.

ಮಕ್ಕಳಿಗೇನು ನಷ್ಟ?

"ಪಾಠ ಸರಿಯಾಗಿ ಆದರೆ ಸಾಕು, ಗಂಡಸಾದರೇನು ಹೆಂಗಸಾದರೇನು" ಎನ್ನುವವರಿದ್ದಾರೆ. ಮಾತು ಮುಕ್ಕಾಲು ಪಾಲು ಸರಿ. ಉಳಿದ ಕಾಲು ಪಾಲಿಗೆ ಪಕ್ಕದ ಆಂಧ್ರವನ್ನು ನೋಡಬೇಕು. ಅಲ್ಲಿನ ಸರ್ಕಾರಿ ಪ್ರಾಥಮಿಕ ಶಾಲೆಗಳ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ಕಾರ್ತಿಕ್ ಮುರಳೀಧರನ್ ಮತ್ತು ಕೇತ್ಕಿ ಶೇಠ್ ಎಂಬ ಅರ್ಥಶಾಸ್ತ್ರಜ್ಞರು 2016ರಲ್ಲಿ ತಮ್ಮ ಅಧ್ಯಯನ ಪ್ರಕಟಿಸಿದರು. ಶಿಕ್ಷಕಿಯ ಕೈಲಿ ಕಲಿತ ಹೆಣ್ಣುಮಕ್ಕಳ ಕಲಿಕೆ ಸ್ವಲ್ಪವಾದರೂ ಮೇಲೇರಿತು. ಗಂಡುಮಕ್ಕಳಿಗೆ ಅದರಿಂದ ನಷ್ಟವೇನೂ ಆಗಲಿಲ್ಲ ಎಂಬುದು ಅವರು ಕಂಡ ಸಂಗತಿ. ಅದು ಪ್ರೈಮರಿಯ ಮಾತು, ಪಿಯುಸಿಯದಲ್ಲ, ನಿಜ. ಆದರೆ "ಮೇಡಂ ಬಂದರೆ ಹುಡುಗರು ಕೆಡುತ್ತಾರೆ" ಎಂಬ ಹಳೆಯ ಗೊಣಗಾಟಕ್ಕೆ ಉತ್ತರವಾಗಿ ಅಷ್ಟು ಸಾಕು.

ಎಸ್ಸೆಸ್ಸೆಲ್ಸಿ ಪಾಸಾದ ಮಗಳನ್ನು ಮುಂದೆ ಓದಿಸುವುದೋ ಬೇಡವೋ ಎಂದು ಮನೆಯ ಜಗಲಿಯಲ್ಲಿ ಮಾತಾಗುವಾಗ "ಅಲ್ಲಿ ಮೇಡಮ್ಮು ಇದ್ದಾರಾ?" ಎಂಬ ಪ್ರಶ್ನೆ ಹಳ್ಳಿಯ ತಾಯಂದಿರ ಬಾಯಲ್ಲಿ ಬರುತ್ತದೆ. ಹದಿನಾರು ಹದಿನೇಳರ ಹುಡುಗಿಗೆ ಮೈಗೆ ಹುಷಾರಿಲ್ಲದಿದ್ದರೆ, ಯಾರಾದರೂ ಬಸ್ಸಿನಲ್ಲಿ ಚುಡಾಯಿಸಿದರೆ, ಮನೆಯಲ್ಲಿ ಮದುವೆಗೆ ಒತ್ತಾಯವಾದರೆ ಹೇಳಿಕೊಳ್ಳಲು ಕಾಲೇಜಿನಲ್ಲಿ ಒಬ್ಬಳಾದರೂ ಹೆಂಗಸು ಬೇಡವೇ? ಸಿಲಬಸ್ಸಿನಲ್ಲಿಲ್ಲದ ಈ ಪಾಠವೇ ಎಷ್ಟೋ ಹುಡುಗಿಯರನ್ನು ಎರಡನೇ ಪಿಯುಸಿ ಮುಟ್ಟಿಸುವುದು.

ಮತ್ತೆ ಹುಡುಗರು? 2025ರ ದ್ವಿತೀಯ ಪಿಯುಸಿ ಪರೀಕ್ಷೆಯಲ್ಲಿ ರಾಜ್ಯದ ಹುಡುಗಿಯರು ನೂರಕ್ಕೆ 77.88ರಷ್ಟು ಪಾಸಾದರೆ ಹುಡುಗರು 68.20. ಹಿಂದಿನ ವರ್ಷವೂ ಹುಡುಗಿಯರೇ ಮುಂದೆ. ಗಂಡು ಮೇಷ್ಟ್ರು ಹೆಚ್ಚಿದ್ದ ಮಾತ್ರಕ್ಕೆ ಗಂಡುಹುಡುಗರು ಉದ್ಧಾರವಾಗುತ್ತಾರೆ ಎಂಬ ಲೆಕ್ಕ ಇಲ್ಲಿ ತಾಳೆಯಾಗುವುದಿಲ್ಲ. ಅವರಿಗೂ ಬೇಕಾದದ್ದು ಜೂನ್‌ನಿಂದ ಮಾರ್ಚ್‌ವರೆಗೆ ಕ್ಲಾಸಿಗೆ ಬರುವ, ಮುಂದಿನ ವರ್ಷವೂ ಅಲ್ಲೇ ಇರುವ ಒಬ್ಬ ಮೇಷ್ಟ್ರು ಅಥವಾ ಒಬ್ಬ ಮೇಡಂ.

ಬೋರ್ಡಿಗೆ ಲೆಕ್ಕ ಹಾಕಿ

ಇದಕ್ಕೆ ವಿಧಾನಸೌಧವೇ ಅಲುಗಬೇಕಾಗಿಲ್ಲ. ಜಿಲ್ಲೆಯಲ್ಲೇ ಆಗಬೇಕಾದ ಕೆಲಸ ಸಾಕಷ್ಟಿದೆ. ಶಾಲೆಗಳ ಮಟ್ಟಿಗೆ ತುಮಕೂರು, ಮಧುಗಿರಿ ಎಂದು ಎರಡು ಶೈಕ್ಷಣಿಕ ಜಿಲ್ಲೆಗಳಿವೆ. ಪಿಯುಸಿಗೆ ಉಪನಿರ್ದೇಶಕರ ಕಚೇರಿ ಇದೆ. ತಾಲ್ಲೂಕುವಾರು ಎಷ್ಟು ಹುದ್ದೆ ಮಂಜೂರಾಗಿವೆ, ಎಷ್ಟು ಭರ್ತಿಯಾಗಿವೆ, ಕಾಯಂ ಗಂಡಸರೆಷ್ಟು, ಹೆಂಗಸರೆಷ್ಟು, ಅತಿಥಿಗಳೆಷ್ಟು ಎಂದು ಆ ಕಚೇರಿಯ ನೋಟೀಸ್ ಬೋರ್ಡಿಗೆ ವರ್ಷಕ್ಕೊಮ್ಮೆ ಹಾಕಲಿ. ದೆಹಲಿಯ ಪುಸ್ತಕದಲ್ಲಿ 3.7 ಲಕ್ಷ ಎಂದಿದ್ದರೆ ಜನಕ್ಕೆ ಅರ್ಥವಾಗುವುದಿಲ್ಲ. "ಪಾವಗಡಕ್ಕೆ ಇಷ್ಟು ಖಾಲಿ" ಎಂದು ಬರೆದರೆ ಎಲ್ಲರಿಗೂ ಅರ್ಥವಾಗುತ್ತದೆ, ಶಾಸಕರಿಗೂ ಅರ್ಥವಾಗುತ್ತದೆ.

ಹುಡುಗಿಯರು ಓದುವ ಪ್ರತಿ ಕಾಲೇಜಿನಲ್ಲಿ ಕನಿಷ್ಠ ಒಬ್ಬ ಕಾಯಂ ಉಪನ್ಯಾಸಕಿ ಇರಲಿ. 1987ರಲ್ಲಿ ಪ್ರೈಮರಿ ಶಾಲೆಗೆ ಬರೆದ ಸಾಲು ಪಿಯುಸಿಗೆ ಏಕೆ ಬೇಡ? ಹೆರಿಗೆ ರಜೆ ಶುರುವಾಗುವ ಮೊದಲೇ ಬದಲಿ ಉಪನ್ಯಾಸಕರ ಆದೇಶ ಹೊರಡಲಿ. ಹೆರಿಗೆ ಏನು ಹೇಳದೆ ಕೇಳದೆ ಬರುವ ನೆಂಟನೇ? ಕಾಲೇಜು ಬಿಡುವ ಹೊತ್ತಿಗೆ ಹೋಬಳಿಯಿಂದ ಒಂದು ಸರ್ಕಾರಿ ಬಸ್ಸು ಹೊರಟರೆ ಮೇಡಮ್ಮಿಗೂ ಆಯಿತು, ಹುಡುಗಿಯರಿಗೂ ಆಯಿತು, ಸಂತೆಗೆ ಬಂದವರಿಗೂ ಆಯಿತು. ಎಲ್ಲಕ್ಕಿಂತ ಮೇಲಾಗಿ, ಖಾಲಿಯಾದ ಹುದ್ದೆಗೆ ಆಯಾ ವರ್ಷವೇ ಅರ್ಜಿ ಕರೆಯಲಿ. ಯಾರು ಯಾವ ವರ್ಷ ನಿವೃತ್ತರಾಗುತ್ತಾರೆ ಎಂಬುದು ಸೇವಾ ಪುಸ್ತಕದಲ್ಲಿ ಮೊದಲ ದಿನವೇ ಬರೆದಿರುತ್ತದೆ. ಆ ದಿನ ಬಂದ ಮೇಲೆ "ಅಯ್ಯೋ ಖಾಲಿಯಾಯಿತು" ಎಂದು ಹೌಹಾರುವುದು ಯಾವ ಸೀಮೆಯ ಆಡಳಿತ?

ಗಂಡು ಮೇಷ್ಟ್ರುಗಳ ಸಂಖ್ಯೆ ಇಳಿಯಬೇಕು ಎಂಬ ಹಟ ಯಾರಿಗೂ ಬೇಡ. ಇರುವ ಮೇಷ್ಟ್ರು ಮರ್ಯಾದೆಯಿಂದ ಇರಲಿ, ಕಾಯುತ್ತಿರುವ ಮೇಡಂ ಒಳಗೆ ಬರಲಿ. ಕುರ್ಚಿ ಖಾಲಿ ಇಟ್ಟುಕೊಂಡು ಅದರಲ್ಲಿ ಕೂರಬೇಕಾದವರು ಗಂಡೋ ಹೆಣ್ಣೋ ಎಂದು ಜಗಳವಾಡುವುದರಲ್ಲಿ ಅರ್ಥವಿಲ್ಲ. ಜೂನ್ ಬರುತ್ತದೆ, ಮಕ್ಕಳು ಬಸ್ಸು ಹತ್ತಿ ಕಾಲೇಜಿಗೆ ಹೋಗುತ್ತಾರೆ. ಬೋರ್ಡಿನ ಮುಂದೆ ಯಾರಾದರೂ ನಿಂತಿರುತ್ತಾರೆಯೇ? ಸಂಬಂಧಪಟ್ಟವರು ಉತ್ತರ ಹೇಳಲಿ.